ಬೆಕ್ಕಿನ ಮೂಕವೇದನೆ

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ತಿಳಿಯದೆ ಎಂದು ನಮ್ಮ ಗಾದೆ ಕೇಳುತ್ತದೆ. ಅದರ ಕಳ್ಳತನ ಲೋಕಕ್ಕೆ ತಿಳಿಯುವುದೇನೋ ನಿಜ. ಆದರೆ ಅದರ ನೋವು ಒಂದೇ ಮನೆಯಲ್ಲಿರುವ ನಮಗೂ ಸುಲಭವಾಗಿ ತಿಳಿಯುವುದಿಲ್ಲ. ನಾಯಿಗೆ ಮುಳ್ಳು ಚುಚ್ಚಿದರೆ ಕುಂಯ್‌ಗುಟ್ಟುತ್ತ ಯಜಮಾನನ ಬಳಿಗೆ ಬರುತ್ತದೆ. ಬೆಕ್ಕಾದರೋ ಅಟ್ಟದ ಮೂಲೆಯನ್ನು ಸೇರಿ ಸುಮ್ಮನೆ ಮುದುರಿಕೊಳ್ಳುತ್ತದೆ. ಇದಕ್ಕೆ ಕಾರಣವುಂಟು. ಸಾಕುಬೆಕ್ಕಿನ ಮೂಲಪುರುಷನಾದ ಆಫ್ರಿಕದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಅದು ಇಲಿಗೆ ಮೃತ್ಯುವಾದರೂ ತನಗಿಂತ ದೊಡ್ಡ ಮೃಗಗಳಿಗೆ ಆಹಾರವೂ ಆಗಬಲ್ಲುದು. ಅಂತಹ ಜೀವಿಗೆ ದೌರ್ಬಲ್ಯವನ್ನು ತೋರಿಸಿಕೊಳ್ಳುವುದು ಅಪಾಯಕರ.

ಆದುದರಿಂದ ನಾವು ಬೆಕ್ಕಿನ ಕೂಗಿಗಾಗಿ ಕಾಯತಕ್ಕುದಲ್ಲ; ಅದರ ನಿತ್ಯದ ನಡವಳಿಕೆಯಲ್ಲಿ ಏನು ಬದಲಾಯಿತೆಂಬುದನ್ನು ಗಮನಿಸತಕ್ಕುದು. ತಟ್ಟೆಯ ಸದ್ದಿಗೆ ಓಡಿಬರುತ್ತಿದ್ದ ಬೆಕ್ಕು ಆಹಾರವನ್ನು ಮೂಸಿ ಹಿಂದಿರುಗುವುದು, ಸದಾ ಮೈ ನೆಕ್ಕಿ ಚೊಕ್ಕಟವಾಗಿರುತ್ತಿದ್ದುದರ ತುಪ್ಪುಳು ಗಂಟುಗಟ್ಟುವುದು, ಮಡಿಲಲ್ಲಿ ಮಲಗುತ್ತಿದ್ದುದು ಮುಟ್ಟಿದರೆ ಬುಸುಗುಟ್ಟುವುದು, ಮರಳಿನ ತಟ್ಟೆಯನ್ನು ಬಿಟ್ಟು ಬೇರೆಡೆ ಗಲೀಜು ಮಾಡುವುದು, ಇವೆಲ್ಲ ಮೊಂಡುತನವಲ್ಲ, ರೋಗದ ಸೂಚನೆಗಳಾಗಿರಬಹುದು. ಒಂದೇ ನೆಗೆತಕ್ಕೆ ಕಿಟಕಿಯನ್ನೇರುತ್ತಿದ್ದ ಮುದಿ ಬೆಕ್ಕು ಈಗ ಮಣೆಯ ಮೇಲೆ ಹತ್ತಿ ನಿಂತು ಯೋಚಿಸುತ್ತಿದ್ದರೆ, ಮುಪ್ಪು ಎಂದು ಸುಮ್ಮನಾಗಬಾರದು. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇ ಚಿತ್ರಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, 90 ಬೆಕ್ಕುಗಳ ಕೀಲುಗಳಲ್ಲಿ ಸವೆತದ ಗುರುತುಗಳು ಕಂಡುಬಂದಿದ್ದುವು. ಗುರುಗುರು ಸದ್ದನ್ನೂ ಸುಖದ ಗುರುತೆಂದೇ ನಂಬಲಾಗದು. ನೋವಿನಲ್ಲಿರುವ ಬೆಕ್ಕೂ ಹಾಗೆ ಸದ್ದು ಮಾಡುವುದುಂಟು.

ಮುಖವೂ ನಮಗೆ ಕೆಲವು ವಿಷಯಗಳನ್ನು ತಿಳಿಸುತ್ತದೆ. ಕೆನಡಾ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಪಶುವೈದ್ಯರು 2019ರಲ್ಲಿ ಇದಕ್ಕೊಂದು ಅಳತೆಗೋಲನ್ನು ಪ್ರಕಟಿಸಿದರು. ಕಿವಿಗಳು ಹೊರಕ್ಕೆ ತಿರುಗಿ ಚಪ್ಪಟೆಯಾಗುವುದು, ಕಣ್ಣು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗಾಗಿ ಮುಂದಕ್ಕೆ ಚಾಚುವುದು, ತಲೆ ಭುಜಕ್ಕಿಂತ ಕೆಳಕ್ಕೆ ಇಳಿಯುವುದು, ಹೀಗೆ ಐದು ಲಕ್ಷಣಗಳು. ಒಂದೊಂದಕ್ಕೆ ಸೊನ್ನೆಯಿಂದ 2ರವರೆಗೆ ಅಂಕ. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವಿಗೆ ಔಷಧ ಬೇಕೆಂದು ಭಾವಿಸುತ್ತಾರೆ. ಬೆಕ್ಕು ಎಚ್ಚರವಾಗಿ ಸುಮ್ಮನಿರುವಾಗ ಇದನ್ನು ನೋಡಬೇಕು; ತಿನ್ನುವಾಗಲಾಗಲಿ ಮೈ ನೆಕ್ಕುವಾಗಲಾಗಲಿ ನೋಡಿ ಪ್ರಯೋಜನವಿಲ್ಲ. ಉಸಿರನ್ನಾದರೋ ನಿದ್ರಿಸುತ್ತಿರುವಾಗಲೇ ಎಣಿಸಬೇಕು. ಅದು ನಿಮಿಷಕ್ಕೆ 30ನ್ನು ಮತ್ತೆ ಮತ್ತೆ ಮೀರುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಬೆಕ್ಕು ಬಾಯಿ ತೆರೆದು ಏದುತ್ತಿದ್ದರೆ ಒಂದು ಗಳಿಗೆಯೂ ತಡಮಾಡಬಾರದು.

ತಡವನ್ನು ಸಹಿಸದ ಇನ್ನೊಂದು ವ್ಯಾಧಿಯುಂಟು. ಗಂಡುಬೆಕ್ಕಿನ ಮೂತ್ರನಾಳ ಬಹು ಕಿರಿದು. ಅದು ಕಟ್ಟಿಕೊಂಡಾಗ ಬೆಕ್ಕು ಪದೇ ಪದೇ ಕುಳಿತು ತಿಣುಕುತ್ತದೆ. ಒಂದು ತೊಟ್ಟೂ ಇಳಿಯದು. ನೋಡಿದವರು ಮಲಬದ್ಧತೆಯೆಂದು ತಿಳಿದು ನಾಳೆಗೆ ಬಿಡುತ್ತಾರೆ. ಅಷ್ಟರಲ್ಲಿ ಹೊರಹೋಗದ ವಿಷಾಂಶಗಳೂ ಪೊಟ್ಯಾಸಿಯಮ್ಮೂ ರಕ್ತದಲ್ಲಿ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದಾದುದರಿಂದ ಅದೇ ದಿನ ಚಿಕಿತ್ಸೆಯಾಗಬೇಕು. ಹಾಗೆಯೇ ಉಪವಾಸದಿಂದ ಬೆಕ್ಕು ವಾಸಿಯಾಗುವುದೆಂದು ಎಣಿಸಬಾರದು. ಕೆಲವು ದಿನ ಏನನ್ನೂ ತಿನ್ನದಿದ್ದರೆ, ಅದರಲ್ಲಿಯೂ ಕೊಬ್ಬಿದ ಬೆಕ್ಕಾದರೆ, ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಹೊಸದೊಂದು ರೋಗವೇ ಹುಟ್ಟುತ್ತದೆ.

ಕನಿಕರದಿಂದಲೇ ಆಗುವ ಕೇಡೊಂದನ್ನೂ ಇಲ್ಲಿ ಹೇಳಬೇಕು. ಮನೆಯಲ್ಲಿರುವ ಜ್ವರದ ಮಾತ್ರೆ, ಅಂದರೆ ಪ್ಯಾರಾಸಿಟಮಾಲ್, ನಮಗೆ ಔಷಧ, ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ರಕ್ತವು ಪ್ರಾಣವಾಯುವನ್ನು ಹೊರಲಾರದಾಗಿ ವಸಡು ಕಂದುಗಟ್ಟುತ್ತದೆ, ಮುಖವೂ ಪಾದಗಳೂ ಊದಿಕೊಳ್ಳುತ್ತವೆ. ಒಂದೇ ಮಾತ್ರೆ ಪ್ರಾಣ ತೆಗೆದೀತು.

ಸಂಶಯ ಬಂದಾಗ ಬೆಕ್ಕನ್ನು ಮುಚ್ಚಳವಿರುವ ಬುಟ್ಟಿಯಲ್ಲಿ, ಅದು ದಿನವೂ ಮಲಗುವ ಬಟ್ಟೆಯ ಮೇಲಿಟ್ಟು ಪಶುವೈದ್ಯರಲ್ಲಿಗೆ ಒಯ್ಯುವುದು ಉತ್ತಮ. ಎಂದಿನಿಂದ ತಿನ್ನುತ್ತಿಲ್ಲ, ಕಡೆಯ ಸಲ ಮೂತ್ರವಾದುದೆಂದು, ಯಾವ ಔಷಧವನ್ನು ಕೊಟ್ಟಿದೆ ಎಂಬ ಮೂರು ಸಂಗತಿಗಳನ್ನು ತಿಳಿದುಕೊಂಡು ಹೋಗಬೇಕು. ವೈದ್ಯರು ಕೇಳುವ ಪ್ರಶ್ನೆಗಳಿಗೆ ಆ ಮೂಕಪ್ರಾಣಿಯ ಪರವಾಗಿ ಉತ್ತರ ಹೇಳುವವರು ನಾವಲ್ಲದೆ ಮತ್ತಾರೂ ಇಲ್ಲ.