ನೀಲಿ ದೀಪ ಕೊಲ್ಲುತ್ತೆ, ಕಾವಲು ಕಾಯೋಲ್ಲ!

ನಲ್ಲಿ ನೀರಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಶಾಪ ಹಾಕುವವರೇ ಎಲ್ಲ. ಮನೆ, ಹೋಟೆಲು, ಅಂಗಡಿಗಳಿಗೆ ಈಗ ಅಲ್ಟ್ರಾವಯಲೆಟ್ ದೀಪದ ಫಿಲ್ಟರ್ ಬಂದಿದೆ. ‘ಇದಿರುವಾಗ ಕ್ಲೋರಿನ್ ಯಾಕ್ರೀ?’ ಎಂಬ ಪ್ರಶ್ನೆ ಬೇರೆ. ಬೇಕು ಸ್ವಾಮಿ, ಎರಡೂ ಬೇಕು.

ಕಾಲರಾ, ಟೈಫಾಯಿಡ್ ತರುವ ಬ್ಯಾಕ್ಟೀರಿಯಾಗಳನ್ನು ಕ್ಲೋರಿನ್ ಸುಲಭವಾಗಿ ಮುಗಿಸುತ್ತದೆ. ಆದರೆ ಅದಕ್ಕೂ ಜಗ್ಗದ ಕ್ರಿಮಿಗಳಿವೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿ ನೀರು ಕುಡಿದ ಸುಮಾರು 4 ಲಕ್ಷ ಜನಕ್ಕೆ ಭೇದಿ ಹಿಡಿಯಿತು. ಹತ್ತಾರು ಮಂದಿ ಸತ್ತರು. ನೀರಿಗೆ ಕ್ಲೋರಿನ್ ಹಾಕಿರಲಿಲ್ಲವೆ? ಹಾಕಿದ್ದರು! ನುಸುಳಿದ್ದು ಕ್ರಿಪ್ಟೋಸ್ಪೋರಿಡಿಯಂ ಎಂಬ ಗಟ್ಟಿ ಚಿಪ್ಪಿನ ಪರಾವಲಂಬಿ. ಆ ಆಸಾಮಿಗೆ ಕ್ಲೋರಿನ್ ಲೆಕ್ಕಕ್ಕೇ ಇಲ್ಲ.

ಅದನ್ನು ಮಣಿಸುವುದು ಅಲ್ಟ್ರಾವಯಲೆಟ್ ಕಿರಣ. 254 ನ್ಯಾನೋಮೀಟರ್ ಅಲೆಯ ಈ ಬೆಳಕು ಕ್ರಿಮಿಯೊಳಗಿನ ಡಿಎನ್‌ಎಯನ್ನೇ ಕೆಡಿಸುತ್ತದೆ. ಸಂತಾನ ಬೆಳೆಸಲಾಗದ ಕ್ರಿಮಿ ಇದ್ದೂ ಸತ್ತಂತೆ. ಕ್ಷಣಗಳ ಕೆಲಸ, ವಾಸನೆಯಿಲ್ಲ, ರುಚಿ ಕೆಡೋದಿಲ್ಲ.

ಹಾಗಾದರೆ ದೀಪವೊಂದೇ ಸಾಕಲ್ಲ? ಸಾಲದು. ದೀಪದ ಪ್ರತಾಪವೆಲ್ಲ ಅದರ ಕೊಳವೆಯೊಳಗೆ ಮಾತ್ರ. ಅಲ್ಲಿಂದಾಚೆ ಪೈಪು ತೂತಾಗಿದ್ದರೆ, ಟ್ಯಾಂಕು ಕೊಳಕಾಗಿದ್ದರೆ ಮತ್ತೆ ಅದೇ ಕಥೆ. ಪೆಟ್ಟು ತಿಂದ ಕೆಲವು ಬ್ಯಾಕ್ಟೀರಿಯಾಗಳು ಹೊರಗಿನ ಬೆಳಕಲ್ಲಿ ತಮ್ಮನ್ನು ತಾವೇ ರಿಪೇರಿ ಮಾಡಿಕೊಂಡು ಎದ್ದು ಕೂರುವುದೂ ಉಂಟು. ಅಡೆನೊವೈರಸ್ ಎಂಬುದಂತೂ ಕಿರಣಕ್ಕೆ ಸುಲಭಕ್ಕೆ ಬಗ್ಗದು, ಕ್ಲೋರಿನ್ನಿಗೆ ಬಗ್ಗುತ್ತದೆ. ಒಬ್ಬನ ಕೈಲಾಗದ್ದನ್ನು ಇನ್ನೊಬ್ಬ ಮಾಡುತ್ತಾನೆ.

ನ್ಯೂಯಾರ್ಕ್ ನಗರ 2013ರಲ್ಲಿ ದಿನಕ್ಕೆ 200 ಕೋಟಿ ಗ್ಯಾಲನ್ ನೀರಿಗೆ ಈ ಬೆಳಕು ಹಾಯಿಸಬಲ್ಲ ಭಾರೀ ಸ್ಥಾವರ ಶುರು ಮಾಡಿತು. ಹಾಗಂತ ಕ್ಲೋರಿನ್ ಬಿಟ್ಟರೆ? ಇಲ್ಲ. ನಮ್ಮ ದೇಶದ ಮಾನದಂಡವೂ ಕ್ಲೋರಿನ್ ಹಾಕಿದ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ. ನಾವು ಬೈಯುವ ಆ ವಾಸನೆಯೇ ದಾರಿಯುದ್ದದ ಕಾವಲುಗಾರ!

ಒಂದು ಷರತ್ತು: ನೀರು ತಿಳಿಯಾಗಿರಬೇಕು. ರಾಡಿ ನೀರಲ್ಲಿ ಕ್ರಿಮಿಗಳು ಮಣ್ಣಿನ ಕಣದ ಮರೆಯಲ್ಲಿ ಅಡಗುತ್ತವೆ; ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ. ಆದ್ದರಿಂದ ಮೊದಲು ಸೋಸು, ಆಮೇಲೆ ಬೆಳಕು, ಕೊನೆಗೆ ಕ್ಲೋರಿನ್.

ಮನೆ-ಹೋಟೆಲಿನ ಫಿಲ್ಟರುಗಳಲ್ಲಿ ಇನ್ನೊಂದು ಫಜೀತಿ. ಒಳಗಿನ ಇಂಗಾಲ ಇದ್ದಬದ್ದ ಕ್ಲೋರಿನ್ನನ್ನೂ ಹೀರಿಬಿಡುತ್ತದೆ. ಅಲ್ಲಿಂದ ಹೊರಬಿದ್ದ ನೀರಿಗೆ ಕಾವಲೇ ಇಲ್ಲ. ಹಿಡಿದ ನೀರನ್ನು ದಿನಗಟ್ಟಲೆ ಇಡಬೇಡಿ. ದೀಪ ಉರಿಯುತ್ತಿದ್ದರೂ ಬಳಸಿದಂತೆ ಅದರ ಕಸುವು ಕುಂದುತ್ತದೆ; ಕಾಲಕ್ಕೆ ಸರಿಯಾಗಿ ಬದಲಾಯಿಸಿ. ಹೋಟೆಲ್ ಮಾಲೀಕರೇ, ಗಿರಾಕಿಗೆ ಫಿಲ್ಟರ್ ತೋರಿಸುವ ಮೊದಲು ನೀರು ತುಂಬಿಡೋ ಡ್ರಮ್ಮನ್ನು ಒಮ್ಮೆ ತಿಕ್ಕಿಸಿ!