ಕ್ಯಾನ್ಸರ್ ಮಾತ್ರೆ ನಡೆಯುತ್ತಿರುವಾಗ ಎದೆ ನೋವು ಬಂದರೆ ಗ್ಯಾಸ್ ಎನ್ನಬೇಡಿ

ನಾನು ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಹೃದಯ ವೈದ್ಯ. ಕ್ಯಾನ್ಸರ್ ವಿಷಯಕ್ಕೆ ಹಾರ್ಟ್ ಡಾಕ್ಟರ್ ಯಾಕೆ ಬಂದ ಅಂತೀರಾ? ಕಳೆದ ತಿಂಗಳು ಬೀದರ್ ಕಡೆಯ ಹಿರಿಯರೊಬ್ಬರನ್ನು ಮಗ ಕರೆತಂದಿದ್ದರು. ಪ್ಯಾಂಕ್ರಿಯಾಸ್‌ನ ನ್ಯೂರೋಎಂಡೋಕ್ರೈನ್ ಗಡ್ಡೆ, ಲಿವರ್‌ಗೆ ಹರಡಿದೆ, ಮನೆಯಲ್ಲೇ ಕೀಮೋ ಮಾತ್ರೆ. ಮೂರು ದಿನದಿಂದ ಎದೆ ಹಿಡಿದಂತೆ ನೋವು. ಗ್ಯಾಸ್ ಎಂದುಕೊಂಡು ಓಮದ ನೀರು ಕುಡಿದಿದ್ದರು, ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. "ಕೀಮೋ ಬಿಡಬ್ಯಾಡ್ರಿ ಅಂದಿದ್ರಲ್ರೀ ಸರ್" ಅಂದರು.

ನಟ ಇರ್ಫಾನ್ ಖಾನ್ 2018ರಲ್ಲಿ ತಮಗಿದೆ ಎಂದು ಹೇಳಿಕೊಂಡಿದ್ದು ಇದೇ ಬಗೆಯ ಕಾಯಿಲೆ. ಹೆಸರಲ್ಲಿ 'ನ್ಯೂರೋ' ಇದ್ದರೂ ಇದು ಮಿದುಳಿನ ಗಡ್ಡೆಯಲ್ಲ. ಹೊಟ್ಟೆ, ಕರುಳು, ಪ್ಯಾಂಕ್ರಿಯಾಸ್, ಶ್ವಾಸಕೋಶಗಳಲ್ಲಿ ಹಾರ್ಮೋನ್ ತಯಾರಿಸುವ ಜೀವಕೋಶಗಳಿರುತ್ತವೆ, ಗಡ್ಡೆ ಅಲ್ಲಿ ಹುಟ್ಟುತ್ತದೆ. ಕೆಲವು ವರ್ಷಗಟ್ಟಲೆ ನಿಧಾನ ಬೆಳೆಯುತ್ತವೆ. ವೇಗವಾಗಿ ಬೆಳೆಯುವ ಜಾತಿಗೆ ಸಿಸ್ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜೊತೆ ಎಟೊಪೊಸೈಡ್ ಡ್ರಿಪ್ ಕೊಡುತ್ತಾರೆ.

ಪ್ಯಾಂಕ್ರಿಯಾಸ್‌ನಿಂದ ಹರಡಿದ ಗಡ್ಡೆಗೆ ಹೆಚ್ಚಾಗಿ ಬರೆಯುವ ಜೋಡಿ ಕ್ಯಾಪೆಸಿಟಾಬಿನ್ ಮತ್ತು ಟೆಮೊಜೊಲೊಮೈಡ್. 28 ದಿನಗಳ ಒಂದು ಸುತ್ತು. ಮೊದಲನೆಯದು 1ರಿಂದ 14ನೇ ದಿನದವರೆಗೆ, ಊಟವಾದ ಅರ್ಧ ಗಂಟೆಯೊಳಗೆ, ದಿನಕ್ಕೆ ಎರಡು ಸಲ. ಎರಡನೆಯದು 10ರಿಂದ 14ರವರೆಗೆ ಮಾತ್ರ, ವಾಂತಿ ತಡೆಯುವ ಮಾತ್ರೆ ತೆಗೆದುಕೊಂಡ ಮೇಲೆ, ಸಾಮಾನ್ಯವಾಗಿ ರಾತ್ರಿ ಖಾಲಿ ಹೊಟ್ಟೆಯಲ್ಲಿ. ಉಳಿದ ಎರಡು ವಾರ ಬಿಡುವು. ಮೊದಲನೆಯದು ಗಡ್ಡೆಯ ರಿಪೇರಿ ಶಕ್ತಿ ಕುಗ್ಗಿಸುತ್ತದೆ, ಆಮೇಲೆ ಎರಡನೆಯದರ ಪೆಟ್ಟು ಸರಿಯಾಗಿ ಬೀಳುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ದಿನ ಅದಲು ಬದಲು ಮಾಡಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಅಮೆರಿಕದಲ್ಲಿ 144 ರೋಗಿಗಳ ಮೇಲೆ ಇದರ ಪರೀಕ್ಷೆ ನಡೆದಿದೆ. ಟೆಮೊಜೊಲೊಮೈಡ್ ಒಂದೇ ಪಡೆದವರಲ್ಲಿ ರೋಗ ಸುಮಾರು 14.4 ತಿಂಗಳು ಹತೋಟಿಯಲ್ಲಿತ್ತು, ಜೋಡಿ ಪಡೆದವರಲ್ಲಿ 22.7 ತಿಂಗಳು. ಒಟ್ಟು ಆಯುಷ್ಯದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ನಿಮ್ಮ ಕ್ಯಾನ್ಸರ್ ವೈದ್ಯರ ಹತ್ತಿರ ಕೂತು ಮಾತಾಡಿ, ಕೇಳಲು ಸಂಕೋಚ ಬೇಡ.

ಈಗ ನನ್ನ ವಿಷಯ. ಕ್ಯಾಪೆಸಿಟಾಬಿನ್ ಕೆಲವರಲ್ಲಿ ಹೃದಯದ ರಕ್ತನಾಳವನ್ನು ಸೆಟೆದುಕೊಳ್ಳುವಂತೆ ಮಾಡುತ್ತದೆ. ಬ್ಲಾಕ್ ಇಲ್ಲದವರಿಗೂ ಹಾರ್ಟ್ ಅಟ್ಯಾಕ್ ಆಗಬಹುದು. ಹೆಚ್ಚಾಗಿ ಮಾತ್ರೆ ಶುರುವಾದ ಮೊದಲ ಕೆಲವು ದಿನಗಳಲ್ಲೇ ಹೀಗಾಗುತ್ತದೆ. ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು, ಉಸಿರು ಕಟ್ಟಿದಂತಾದರೆ ಮುಂದಿನ ಡೋಸ್ ನುಂಗಬೇಡಿ. 108ಕ್ಕೆ ಕರೆ ಮಾಡಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲೇ ಇರಲಿ, ಎಮರ್ಜೆನ್ಸಿ ಡಾಕ್ಟರಿಗೆ ಮೊದಲು ಅದನ್ನು ತೋರಿಸಿ. ನೋವು ಹೋದ ಮೇಲೆ ಇಸಿಜಿ ನಾರ್ಮಲ್ ಬರಬಹುದು, ಅಷ್ಟಕ್ಕೇ ಮನೆಗೆ ಬಂದು ಮತ್ತೆ ಮಾತ್ರೆ ಶುರು ಮಾಡಬೇಡಿ. ಆ ಹಿರಿಯರು ಸಕಾಲಕ್ಕೆ ಬಂದಿದ್ದರು, ಉಳಿದರು. ಅವರ ಕ್ಯಾನ್ಸರ್ ವೈದ್ಯರು ಔಷಧಿ ಬದಲಿಸಿದ್ದಾರೆ.

ಇನ್ನೊಂದು. ವಾಲ್ವ್ ಆಪರೇಷನ್ ಆಗಿ ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಈ ಮಾತ್ರೆ ಸೇರಿದರೆ ರಕ್ತ ಅತಿಯಾಗಿ ತೆಳುವಾಗಿ ರಕ್ತಸ್ರಾವ ಆಗಬಹುದು. ಇಬ್ಬರೂ ಡಾಕ್ಟರಿಗೆ ಎಲ್ಲ ಮಾತ್ರೆ ತೋರಿಸಿ, ಐಎನ್ಆರ್ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕೆಂದು ಮೊದಲ ಡೋಸಿಗೆ ಮುಂಚೆಯೇ ಕೇಳಿ.