ಆಫೀಸಿನ ಮೇಜಿನ ಮೇಲೆ ಊಟದ ಡಬ್ಬಿ: ಬಿಸಿ ಮಾಡಿದರೆ ಸಾಕೇ?



ಆಫೀಸಿನ ಮೇಜಿನ ಮೇಲೆ ಕರೆಂಟಿನ ಊಟದ ಡಬ್ಬಿ, ಪುಟ್ಟ ರೈಸ್ ಕುಕ್ಕರ್ ಅಥವಾ ಕೆಟಲ್ ಇಟ್ಟುಕೊಂಡಿದ್ದೀರಾ? ಒಳ್ಳೆಯದೇ. ದಿನಾ ಕಚೋರಿ ತಿನ್ನುವುದಕ್ಕಿಂತ ಮನೆಯ ಅನ್ನ ಸಾರು ಮೇಲು. ಆದರೆ ಒಂದು ವಿಷಯ ತಿಳಿದಿರಲಿ: ಡಬ್ಬಿ ಅನ್ನವನ್ನು ಬಿಸಿ ಮಾಡುತ್ತದೆ, ಕೆಟ್ಟ ಅನ್ನವನ್ನು ಒಳ್ಳೆಯದು ಮಾಡುವುದಿಲ್ಲ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ 5ರಿಂದ 60 ಡಿಗ್ರಿ ನಡುವೆ ಹೆಚ್ಚು ಹೊತ್ತು ಇದ್ದರೆ ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆ ವಿಷ 121 ಡಿಗ್ರಿಗೂ ಜಗ್ಗದು. ನಿಮ್ಮ ಡಬ್ಬಿ ಯಾವ ಲೆಕ್ಕ? ಬೆಳಗ್ಗೆ 7ಕ್ಕೆ ತುಂಬಿ ಮಧ್ಯಾಹ್ನ 1ಕ್ಕೆ ಸ್ವಿಚ್ ಹಾಕಿದರೆ ನಡುವೆ 6 ಗಂಟೆ. ಕಾಶಿಯ ಮೇ ತಿಂಗಳ ಸೆಖೆಯಲ್ಲಿ 1 ಗಂಟೆಯೇ ಜಾಸ್ತಿ. ಊಟವಾಗಿ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಶುರುವಾದರೆ ಎಲ್ಲರೂ 'ಲೂ ಹೊಡೆಯಿತು' ಎನ್ನುತ್ತಾರೆ. ಡಬ್ಬಿಯನ್ನು ಯಾರೂ ಅನುಮಾನಿಸುವುದಿಲ್ಲ!

ಮೊಸರನ್ನಕ್ಕೆ ಭಯವಿಲ್ಲವಲ್ಲ ಎನ್ನಬೇಡಿ. ಹುಳಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ನಿಧಾನ ಮಾಡೀತು. ಆದರೆ ರಾತ್ರಿಯೆಲ್ಲ ಹೊರಗಿದ್ದ ಅನ್ನಕ್ಕೆ ಬೆಳಗ್ಗೆ ಮೊಸರು ಕಲಸಿದರೆ ಅದರಲ್ಲಾಗಲೇ ಆಗಿರುವ ವಿಷ ಹೋಗದು.

ಹಾಗಾದರೆ ಏನು ಮಾಡಬೇಕು? ರಾತ್ರಿಯ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬೆಳಗ್ಗೆ ಐಸ್ ಪ್ಯಾಕ್ ಜೊತೆ ಒಯ್ದು ಆಫೀಸಿನ ಫ್ರಿಜ್‌ನಲ್ಲಿಡಿ, ಮಧ್ಯಾಹ್ನ ಹಬೆಯಾಡುವಷ್ಟು ಬಿಸಿ ಮಾಡಿ, ನಡುವೆ ಒಮ್ಮೆ ಕಲಕಿ. ಈ ಡಬ್ಬಿಗಳು ನಿಧಾನಕ್ಕೆ ಕಾಯುತ್ತವೆ, ಬೆಚ್ಚಗಾದೊಡನೆ ತಿನ್ನಬೇಡಿ. ಆಫೀಸಿನಲ್ಲಿ ಫ್ರಿಜ್ ಇಲ್ಲವೇ? ಪುಟ್ಟ ಕುಕ್ಕರ್‌ನಲ್ಲಿ ಅಲ್ಲೇ ಅನ್ನ ಮಾಡಿಕೊಳ್ಳಿ. ಇನ್ನೂ ಸುಲಭ ಬೇಕೆಂದರೆ ನಮ್ಮ ಅಜ್ಜಿಯರ ಪ್ರಯಾಣದ ಬುತ್ತಿ ನೆನಪಿಸಿಕೊಳ್ಳಿ: ಒಗ್ಗರಣೆ ಹಾಕಿ ಹುರಿದ ಉಪ್ಪಿಟ್ಟಿನ ರವೆ, ಗೊಜ್ಜವಲಕ್ಕಿ ಪುಡಿ. ಒಣಗಿದ್ದಷ್ಟು ದಿನ ಕೆಡುವ ಭಯ ಕಡಿಮೆ. ಕುದಿಯುವ ನೀರು ಹೊಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಊಟ ತಯಾರು.

ವಾಂತಿಯಾದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಅಥವಾ ಮಕ್ಕಳು, ಗರ್ಭಿಣಿಯರು, ಹಿರಿಯರಿಗೆ ಹೀಗಾದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಹಾಂ, ಕರೆಂಟಿನ ಮಾತು. 6 ಆಂಪಿಯರ್ ಸಾಕೆಟ್ ತಡೆಯುವುದು ಸುಮಾರು 1380 ವ್ಯಾಟ್. ಬಹಳಷ್ಟು ಕೆಟಲ್‌ಗಳು 1500 ವ್ಯಾಟ್. ಕಂಪ್ಯೂಟರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೆಟಲ್ ಬೇಡ. 16 ಆಂಪಿಯರ್ ಸಾಕೆಟ್ ಎಲ್ಲಿದೆ ಎಂದು ಆಫೀಸಿನ ಎಲೆಕ್ಟ್ರಿಷಿಯನ್‌ನನ್ನು ಕೇಳಿ.